ಸ್ಟಾಕ್‌ಹೋಮ್‌ನಲ್ಲಿ ನಾಲ್ಕು ದಿನ, ಒಬ್ಬಳೇ

ಬುಧವಾರ ರಾತ್ರಿ

ಸ್ವೀಡನ್‌ನಲ್ಲಿ ‘ಕ್ಲೆಮ್‌ದಾಗ್’ ಅಂತ ಒಂದು ಪದ ಇದೆ. ಎರಡು ರಜೆಗಳ ನಡುವೆ ಸಿಕ್ಕಿಬಿದ್ದ ಕೆಲಸದ ದಿನಕ್ಕೆ ಹಾಗೆ ಹೇಳುತ್ತಾರೆ. ಮೇ ಕೊನೆಯ ಆ ಗುರುವಾರ ಯೇಸುವಿನ ಸ್ವರ್ಗಾರೋಹಣದ ಹಬ್ಬ, ದೇಶಕ್ಕೆಲ್ಲ ರಜೆ. ಶನಿವಾರ, ಭಾನುವಾರ ಹೇಗೂ ರಜೆ. ಮಧ್ಯದ ಶುಕ್ರವಾರವೇ ಕ್ಲೆಮ್‌ದಾಗ್. ಅವತ್ತು ಯಾರೂ ಆಫೀಸಿಗೆ ಬರುವುದಿಲ್ಲ ಅಂತ ನನಗೆ ಗೊತ್ತಾಗಿದ್ದೇ ಬುಧವಾರ ಮಧ್ಯಾಹ್ನ. ಪ್ರಾಜೆಕ್ಟ್ ಕೆಲಸಕ್ಕೆ ಆರು ತಿಂಗಳ ಮಟ್ಟಿಗೆ ಗೋಥೆನ್‌ಬರ್ಗ್‌ಗೆ ಬಂದವಳು ನಾನು. ಕೈಯಲ್ಲಿ ನಾಲ್ಕು ದಿನ ಇತ್ತು, ತಲೆಯಲ್ಲಿ ಯಾವ ಯೋಜನೆಯೂ ಇರಲಿಲ್ಲ.

ರಾತ್ರಿ ಊಟ ಮಾಡುತ್ತಾ ಫೋನಿನಲ್ಲಿ ಸುಮ್ನೆ ನೋಡಿದೆ. ಬೆಳಿಗ್ಗೆಯ ರೈಲಿನಲ್ಲಿ ಒಂದು ಸೀಟು ಇತ್ತು. ಸ್ಟಾಕ್‌ಹೋಮ್‌ನ ಒಂದು ಹಾಸ್ಟೆಲ್‌ನಲ್ಲಿ ಒಂದು ಹಾಸಿಗೆ ಖಾಲಿ ಇತ್ತು. ಹಾಸ್ಟೆಲ್ ಅಂದರೆ ಕಟ್ಟಡ ಅಲ್ಲ, ನೀರಿನಲ್ಲಿ ನಿಂತ ಹಡಗು. ಎರಡೂ ಬುಕ್ ಮಾಡಿದೆ. ಆಮೇಲೆ ಊರಿಗೆ ಫೋನ್ ಮಾಡಿದೆ. ಮೂಡಿಗೆರೆಯಲ್ಲಿ ಆಗ ನಡುರಾತ್ರಿ. ಆದರೂ ಅಮ್ಮ ಎತ್ತಿದರು.

“ಯಾರ ಜೊತೆ ಹೋಗ್ತಿದ್ದೀಯಾ ಪುಟ್ಟಿ?”

“ಯಾರೂ ಇಲ್ಲ ಅಮ್ಮ. ನಾನೇ.”

“ಒಬ್ಳೇನಾ?”

ಗುರುವಾರ

ಗೋಥೆನ್‌ಬರ್ಗ್‌ನಿಂದ ಸ್ಟಾಕ್‌ಹೋಮ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ದೇಶದ ಪಶ್ಚಿಮ ಅಂಚಿನಿಂದ ಪೂರ್ವದ ಅಂಚಿಗೆ ಪಯಣ. ಹಳದಿ ಸಾಸಿವೆ ಜಾತಿಯ ಹೊಲ, ಕೆಂಪು ಮರದ ಮನೆ, ಕೆರೆ, ಕಾಡು, ಮತ್ತೆ ಕೆರೆ. ಇಡೀ ಬೋಗಿಯಲ್ಲಿ ಒಬ್ಬರೂ ಜೋರಾಗಿ ಮಾತಾಡಲಿಲ್ಲ.

ಸ್ಟೇಷನ್ನಿನಿಂದ ಹಾಸ್ಟೆಲ್‌ಗೆ ನಡೆದೇ ಹೋದೆ. ಶೆಪ್ಸ್‌ಹೋಲ್ಮೆನ್ ಎಂಬ ಪುಟ್ಟ ದ್ವೀಪಕ್ಕೆ ಒಂದು ಸೇತುವೆ. ಅದರ ಕಂಬಿಯ ಮೇಲೆ ಚಿನ್ನದ ಬಣ್ಣದ ಕಿರೀಟ ಕೂರಿಸಿದ್ದಾರೆ. ಸೇತುವೆ ದಾಟಿದರೆ ಬಿಳಿ ಹಡಗು ಆಫ್ ಚಾಪ್‌ಮನ್. 1888ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಮೂರು ಕಂಬದ ಹಾಯಿಹಡಗು ಇದು. 1949ರಿಂದ ಪ್ರವಾಸಿಗಳಿಗೆ ತಂಗುದಾಣ. ಕ್ಯಾಬಿನ್ನಿನ ದುಂಡು ಕಿಟಕಿಗೆ ಹಣೆ ಒತ್ತಿ ನೋಡಿದರೆ ನೀರು ಕಣ್ಣಿನ ಮಟ್ಟಕ್ಕೇ ಇದ್ದ ಹಾಗಿತ್ತು. ಆಚೆ ದಡದಲ್ಲಿ ಹಳೇ ಪಟ್ಟಣ, ಸಾಲಾಗಿ ಹಳದಿ, ಕಾವಿ, ಇಟ್ಟಿಗೆ ಬಣ್ಣದ ಮನೆಗಳು.

ಸ್ಟಾಕ್‌ಹೋಮ್ 14 ದ್ವೀಪಗಳ ಮೇಲೆ ಹರಡಿರುವ ಊರು. ಪಶ್ಚಿಮಕ್ಕೆ ಮೆಲಾರೆನ್ ಎಂಬ ಸಿಹಿನೀರಿನ ದೊಡ್ಡ ಸರೋವರ, ಪೂರ್ವಕ್ಕೆ ಬಾಲ್ಟಿಕ್ ಸಮುದ್ರ. ಇವೆರಡೂ ಸೇರುವ ಜಾಗದಲ್ಲಿ ಊರು ಕೂತಿದೆ. ಸೇತುವೆಯ ಒಂದು ಕಡೆ ಬಗ್ಗಿದರೆ ಕುಡಿಯುವ ನೀರಿನ ಮೂಲ, ಇನ್ನೊಂದು ಕಡೆ ಬಗ್ಗಿದರೆ ಉಪ್ಪುನೀರು. ನಾಲ್ಕು ದಿನವೂ ನಾನು ನೀರು ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಈ ಊರಿನಲ್ಲಿ ಹೋಗೋಕೂ ಆಗೋದಿಲ್ಲ.

ಗಾಮ್ಲಾ ಸ್ತಾನ್, ಅಂದರೆ ಹಳೇ ಪಟ್ಟಣ. ಕಲ್ಲು ಹಾಸಿದ ಓಣಿಗಳು. ಮೋರ್ಟೆನ್ ಟ್ರೋಟ್ಸಿಗ್ ಓಣಿ ಒಂದು ಕಡೆ ಬರೀ 90 ಸೆಂಟಿಮೀಟರ್ ಅಗಲ, ಮೆಟ್ಟಿಲು ಬೇರೆ. ಎದುರಿನಿಂದ ಇಬ್ಬರು ಮಕ್ಕಳನ್ನು ಕರೆದುಕೊಂಡು ಒಬ್ಬರು ಇಳಿದು ಬರುತ್ತಿದ್ದರು. ಅವರು ಇಳಿಯುವ ತನಕ ನಾನು ಕೆಳಗೇ ಕಾದೆ.

ನಡುವಿನ ಚೌಕ ಸ್ಟೂರ್‌ಟೋರಿಯೆಟ್. ಫೋಟೋಗಳಲ್ಲಿ ಎಲ್ಲರೂ ನೋಡಿರುವ ಕೆಂಪು, ಹಳದಿ ಮನೆಗಳು ಇರುವುದು ಇಲ್ಲೇ. 1520ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ರಾಜ ಎರಡನೇ ಕ್ರಿಸ್ಟಿಯನ್ ಸುಮಾರು 80ಕ್ಕೂ ಹೆಚ್ಚು ಸ್ವೀಡಿಷ್ ಸರದಾರರು, ಬಿಷಪ್ಪರು, ಪಟ್ಟಣಿಗರ ತಲೆ ತೆಗೆಸಿದ್ದೂ ಇದೇ ಚೌಕದಲ್ಲಿ. ಈಗ ಅಲ್ಲಿ ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಿದ್ದರು.

ಅದೇ ಚೌಕದಲ್ಲಿ ಹಳೇ ಷೇರುಪೇಟೆ ಕಟ್ಟಡ ಇದೆ. ಅದರೊಳಗೆ ನೊಬೆಲ್ ಪ್ರಶಸ್ತಿ ಮ್ಯೂಸಿಯಂ. ಅಮರ್ತ್ಯ ಸೇನ್ ಕೊಟ್ಟ ಸೈಕಲ್ ಈ ಮ್ಯೂಸಿಯಂನಲ್ಲಿದೆ. ಅದರ ಕೆಫೆಯಲ್ಲಿ ಒಂದು ಪದ್ಧತಿ ಇದೆ. ಪ್ರಶಸ್ತಿ ಪಡೆಯಲು ಬಂದವರು ಕುರ್ಚಿಯ ಅಡಿಯಲ್ಲಿ ಸಹಿ ಹಾಕುತ್ತಾರೆ. ನಾನೂ ಕುರ್ಚಿ ತಿರುಗಿಸಿ ನೋಡಿದೆ. ಯಾರದೋ ಬಾಗಿದ ಸಹಿ, ಕೆಳಗೆ ಇಸವಿ. ಹೆಸರು ಓದಲಾಗಲಿಲ್ಲ. ಮೆತ್ತಗೆ ಕುರ್ಚಿ ಇಳಿಸಿ ಅದರ ಮೇಲೇ ಕೂತು ಕಾಫಿ ಕುಡಿದೆ.

ಕಾಫಿಗೆ ಜೊತೆಯಾಗಿ ತೆಗೆದುಕೊಂಡಿದ್ದು ಏಲಕ್ಕಿ ಬನ್. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಮನೆಯದು ಕಾಫಿ, ಏಲಕ್ಕಿ, ಮೆಣಸಿನ ತೋಟ. ಏಲಕ್ಕಿ ಅಂದರೆ ಪಾಯಸಕ್ಕೆ, ಹೋಳಿಗೆ ಹೂರಣಕ್ಕೆ ಎರಡು ಚಿಟಿಕೆ. ಇಲ್ಲಿ ಅದು ಹಿಟ್ಟಿನ ಒಳಗೂ ಇದೆ, ಮೇಲೂ ಇದೆ. ಹಿಟ್ಟನ್ನು ಪಟ್ಟಿ ಮಾಡಿ, ಹೆಣೆದು, ಗಂಟು ಹಾಕಿ ಬೇಯಿಸುತ್ತಾರೆ. ಮೇಲೆ ಸಕ್ಕರೆಯ ಜೊತೆ ಏಲಕ್ಕಿ ಕಾಳನ್ನು ತರಿತರಿಯಾಗಿ ಕುಟ್ಟಿ ಉದುರಿಸಿರುತ್ತಾರೆ. ಕಪ್ಪು ಚೂರುಗಳು ಕಣ್ಣಿಗೆ ಕಾಣುತ್ತವೆ, ಹಲ್ಲಿಗೂ ಸಿಗುತ್ತವೆ. ಕಚ್ಚಿದ ಕೂಡಲೇ ನಮ್ಮನೆ ಏಲಕ್ಕಿ ಒಣಗಿಸುವ ಗೂಡಿನ ಬಾಗಿಲು ತೆಗೆದ ಹಾಗಾಯಿತು. ಕಣ್ಣು ತುಂಬಿ ಬಂತು.

ಮಲಗುವಾಗ ಹತ್ತೂವರೆ. ಹೊರಗೆ ಇನ್ನೂ ಕತ್ತಲಾಗಿರಲಿಲ್ಲ. ಆಕಾಶ ಗಾಢ ನೀಲಿ, ನೀರೂ ಅದೇ ನೀಲಿ.

ಶುಕ್ರವಾರ

ಬೆಳಿಗ್ಗೆ ನಾಲ್ಕಕ್ಕೇ ಸೂರ್ಯ ಬಂದಿದ್ದ. ದುಂಡು ಕಿಟಕಿಗೆ ಪರದೆ ಎಳೆದು ಮತ್ತೆ ಮಲಗಿದೆ.

ಒಂಬತ್ತರ ಹೊತ್ತಿಗೆ ಯೂರ್ಗೋರ್ಡೆನ್ ದ್ವೀಪಕ್ಕೆ ದೋಣಿ ಹತ್ತಿದೆ. ಬಸ್ಸು, ಮೆಟ್ರೋಗೆ ಬಳಸುವ ಟಿಕೆಟ್ಟೇ ಈ ದೋಣಿಗೂ ನಡೆಯುತ್ತದೆ. ಯಂತ್ರಕ್ಕೆ ಕಾರ್ಡ್ ಮುಟ್ಟಿಸಿದರೆ ಆಯಿತು. ಈ ದೇಶಕ್ಕೆ ಬಂದ ಮೇಲೆ ಸ್ವೀಡನ್ನಿನ ನೋಟು ಹೇಗಿರುತ್ತದೆ ಅಂತ ನಾನು ನೋಡಿಯೇ ಇಲ್ಲ.

ಹೋಗಿದ್ದು ವಾಸಾ ಮ್ಯೂಸಿಯಂಗೆ. ಒಂದು ಗಂಟೆ ಸಾಕು ಅಂದುಕೊಂಡಿದ್ದೆ. ನಾಲ್ಕು ಗಂಟೆ ಕಳೆದೆ.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಏನೂ ಕಾಣುವುದಿಲ್ಲ. ಮರ ಹಾಳಾಗಬಾರದು ಅಂತ ಬೆಳಕು ತೀರಾ ಕಮ್ಮಿ ಇಟ್ಟಿದ್ದಾರೆ. ನಿಧಾನಕ್ಕೆ ಕತ್ತಲಿನಿಂದ ಒಂದು ಹಡಗು ಎದ್ದು ಬರುತ್ತದೆ. ನಿಜವಾದ ಹಡಗು, 69 ಮೀಟರ್ ಉದ್ದ. ಹೊಗೆ ಹಿಡಿದ ಅಟ್ಟದ ತೊಲೆಯ ಬಣ್ಣ. ಹಿಂಭಾಗದ ತುಂಬ ಕೆತ್ತನೆ: ಸಿಂಹಗಳು, ಯೋಧರು, ದೇವತೆಗಳು. ನೂರಕ್ಕೆ 98 ಭಾಗ ಮೂಲ ಮರವೇ.

1628ರ ಆಗಸ್ಟ್ 10, ಭಾನುವಾರ. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಪೋಲೆಂಡಿನ ಮೇಲಿನ ಯುದ್ಧಕ್ಕೆಂದು ಕಟ್ಟಿಸಿದ ಈ ವಾಸಾ ಹಡಗು ಮೊದಲ ಸಲ ಹೊರಟಿತ್ತು. ಎರಡು ಅಂತಸ್ತು ಫಿರಂಗಿ, ಒಟ್ಟು 64. ಇಡೀ ಊರು ದಡದಲ್ಲಿ ನಿಂತು ನೋಡುತ್ತಿತ್ತು. ಗಾಳಿ ಜೋರಾಗಿರಲಿಲ್ಲ. ಹತ್ತು ಹಾಯಿಗಳಲ್ಲಿ ನಾಲ್ಕನ್ನು ಮಾತ್ರ ಬಿಚ್ಚಿದ್ದರು. ಗೌರವದ ಗುಂಡು ಹಾರಿಸಲು ಫಿರಂಗಿ ಕಿಂಡಿಗಳನ್ನೆಲ್ಲ ತೆರೆದಿದ್ದರು. ಒಂದು ಸಲ ಗಾಳಿ ಬೀಸಿತು, ಹಡಗು ವಾಲಿ ನೆಟ್ಟಗಾಯಿತು. ಇನ್ನೊಂದು ಸಲ ಬೀಸಿತು, ಕೆಳಗಿನ ಕಿಂಡಿಗಳಿಂದ ನೀರು ನುಗ್ಗಿತು. ಸುಮಾರು 1,300 ಮೀಟರ್ ಹೋದ ಹಡಗು ಊರಿನ ಕಣ್ಣೆದುರಿಗೇ ಮುಳುಗಿತು. ಸುಮಾರು 30 ಜನ ಸತ್ತರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೂ ಮುಂಚಿನ ಕಥೆ. ಹಡಗು ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿದ್ದರು. ದಡಕ್ಕೆ ಕಟ್ಟಿದ್ದ ಹಡಗಿನ ಮೇಲೆ 30 ಜನರನ್ನು ಈ ಬದಿಯಿಂದ ಆ ಬದಿಗೆ ಓಡಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೂಗಾಡಿತೆಂದರೆ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟರು. ಮೇಲೆ ಭಾರ ಜಾಸ್ತಿ, ಕೆಳಗೆ ತೂಕ ಸಾಲದು ಅಂತ ಅಲ್ಲಿದ್ದವರಿಗೆ ತಿಳಿದುಹೋಗಿತ್ತು. ಆದರೆ ರಾಜ ದೂರದಲ್ಲಿದ್ದ, ಅವನಿಗೆ ಹಡಗು ಬೇಗ ಬೇಕಿತ್ತು. ವಿನ್ಯಾಸ ಮಾಡಿದ ಹೆನ್ರಿಕ್ ಹ್ಯೂಬರ್ಟ್‌ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ವಿಚಾರಣೆ ಏನೋ ನಡೆಯಿತು. ಯಾರಿಗೂ ಶಿಕ್ಷೆ ಆಗಲಿಲ್ಲ. ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು. ತಪ್ಪು ಕಂಡಿದ್ದು ಮೇಲಿನವರ ತನಕ ಮುಟ್ಟದೇ ಹೋದರೆ ಏನಾಗುತ್ತದೆ ಅನ್ನುವುದು ಅಲ್ಲಿ ಮರದಲ್ಲೇ ನಿಂತಿತ್ತು. ಆ 30 ಜನ ಓಡಿದ ಜಾಗವನ್ನು ಮೇಲಿನ ಅಂತಸ್ತಿನಿಂದ ತುಂಬ ಹೊತ್ತು ನೋಡಿದೆ.

ಹಡಗು ಇಷ್ಟು ಚೆನ್ನಾಗಿ ಉಳಿದದ್ದಕ್ಕೂ ನೀರೇ ಕಾರಣ. ಬಾಲ್ಟಿಕ್‌ನಲ್ಲಿ ಉಪ್ಪು ಕಮ್ಮಿ. ಬೇರೆ ಸಮುದ್ರಗಳಲ್ಲಿ ಮರವನ್ನು ಕೊರೆದು ತಿನ್ನುವ ಹುಳು ಈ ನೀರಿನಲ್ಲಿ ಬದುಕುವುದಿಲ್ಲ. ಆಂಡರ್ಸ್ ಫ್ರಾನ್ಸೆನ್ ಅನ್ನುವವರು ವರ್ಷಗಟ್ಟಲೆ ಹುಡುಕಿ, ಹಗ್ಗದ ತುದಿಗೆ ಕೊರೆಯುವ ಸಲಕರಣೆ ಕಟ್ಟಿ ಕೆಳಗೆ ಬಿಡುತ್ತಿದ್ದರು. 1956ರಲ್ಲಿ ಅದರ ತುದಿಗೆ ಕಪ್ಪು ಓಕ್ ಮರದ ಚೂರು ಅಂಟಿಕೊಂಡು ಬಂತು. 1961ರ ಏಪ್ರಿಲ್ 24ರಂದು, 333 ವರ್ಷದ ಮೇಲೆ, ಹಡಗು ನೀರಿನಿಂದ ತಲೆ ಎತ್ತಿತು. ಒಣಗಿದರೆ ಮರ ಸೀಳುತ್ತದಲ್ಲ, ಅದಕ್ಕೆ 17 ವರ್ಷ ಅದರ ಮೇಲೆ ಮೇಣದಂಥ ರಾಸಾಯನಿಕ ಸಿಂಪಡಿಸಿದ್ದಾರೆ.

ಕೆಳಗಿನ ಅಂತಸ್ತಿನಲ್ಲಿ ಸತ್ತವರ ಎಲುಬುಗಳಿವೆ. ತಲೆಬುರುಡೆ ನೋಡಿ ಮುಖಗಳನ್ನು ಮತ್ತೆ ರೂಪಿಸಿದ್ದಾರೆ. ಅದರಲ್ಲಿ ಒಂದಕ್ಕೆ ಬಹಳ ವರ್ಷ ಗುಸ್ತಾವ್ ಅಂತ ಹೆಸರಿಟ್ಟು ಗಂಡಸು ಅಂದುಕೊಂಡಿದ್ದರು. 2023ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಅದು ಹೆಂಗಸಿನದು ಅಂತ ಗೊತ್ತಾಯಿತು. ಈಗ ಗೆರ್‌ಟ್ರೂಡ್ ಅನ್ನುತ್ತಾರೆ. ಮೊದಲ ಪಯಣದಲ್ಲಿ ಸ್ವಲ್ಪ ದೂರದ ತನಕ ನಾವಿಕರ ಮನೆಯವರೂ ಹಡಗಿನಲ್ಲಿ ಬರಬಹುದಿತ್ತು. ಅವಳು ಯಾರ ಹೆಂಡತಿಯೋ, ಯಾರ ತಂಗಿಯೋ. ಭಾನುವಾರ, ಒಳ್ಳೇ ಬಿಸಿಲು, ಹೊಸ ಹಡಗು. ಖುಷಿಯಿಂದಲೇ ಹತ್ತಿರುತ್ತಾಳೆ ಅಲ್ವಾ? ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ ಅಲ್ಲಿ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಬಾ ಊಟದ ಹೊತ್ತಾಯಿತು ಅನ್ನುತ್ತಿದ್ದರು.

ಊಟ ಮಾಡಿದ್ದು ಮೂರು ಗಂಟೆ ಮೇಲೆ, ಸ್ಲುಸ್ಸೆನ್ ಹತ್ತಿರ ಒಂದು ಗಾಡಿಯಲ್ಲಿ. ಬಾಲ್ಟಿಕ್‌ನ ಸಣ್ಣ ಹೆರಿಂಗ್ ಮೀನನ್ನು ರೈ ಹಿಟ್ಟಿನಲ್ಲಿ ಹೊರಳಿಸಿ, ಬೆಣ್ಣೆಯಲ್ಲಿ ಹುರಿದು, ಗಟ್ಟಿ ರೊಟ್ಟಿಯ ಮೇಲೆ ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಜೊತೆ ಕೊಡುತ್ತಾರೆ. ನಮ್ಮ ಬೂತಾಯಿಗೆ ಹತ್ತಿರದ ರುಚಿ. ಖಾರ ಒಂದೇ ಇಲ್ಲ.

ಸಂಜೆ ಸೋಡೆರ್ ಕಡೆಯ ಗುಡ್ಡದ ಅಂಚಿನಲ್ಲಿರುವ ಮೊಂಟೇಲಿಯುಸ್‌ವೇಗೆನ್ ದಾರಿಗೆ ಹೋದೆ. ಬಂಡೆಯ ಮೇಲಿನ ಕಾಲುದಾರಿ. ಕೆಳಗೆ ಮೆಲಾರೆನ್, ಆಚೆ ದಡದಲ್ಲಿ ಸಿಟಿ ಹಾಲ್‌ನ ಗೋಪುರ. ಬೆಂಚಿನ ಒಂದು ತುದಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು, ಇನ್ನೊಂದು ತುದಿಯಲ್ಲಿ ನಾನು. ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ಎದ್ದು ಹೋಗುವಾಗ ಅವರು ತಲೆಯಾಡಿಸಿ “ಹೇ ದೋ” ಅಂದರು. ಹೋಗಿ ಬರ್ತೀನಿ ಅಂತ ಅರ್ಥ. ನಾನೂ “ಹೇ ದೋ” ಅಂದೆ.

ಶನಿವಾರ

ಮಳೆ. ಮಳೆ ಬಂದರೆ ನೆಲದ ಕೆಳಗೆ ಹೋಗಬಹುದು, ಈ ಊರಿನಲ್ಲಿ ಅದಕ್ಕೂ ವ್ಯವಸ್ಥೆ ಇದೆ. ಇಲ್ಲಿನ ಮೆಟ್ರೋದ 100 ಸ್ಟೇಷನ್ನುಗಳಲ್ಲಿ 90ಕ್ಕೂ ಹೆಚ್ಚು ಕಡೆ ಕಲಾಕೃತಿಗಳಿವೆ. ಆಳದ ಸ್ಟೇಷನ್ನುಗಳಲ್ಲಿ ಕೊರೆದ ಬಂಡೆಯನ್ನು ಮುಚ್ಚಿಲ್ಲ, ಗುಹೆಯ ಹಾಗೇ ಬಿಟ್ಟು ಬಣ್ಣ ಹಚ್ಚಿದ್ದಾರೆ. ಟಿ-ಸೆಂಟ್ರಾಲೆನ್‌ನ ನೀಲಿ ಮಾರ್ಗದ ಪ್ಲಾಟ್‌ಫಾರ್ಮ್ ನನಗೆ ಎಲ್ಲಕ್ಕಿಂತ ಹಿಡಿಸಿತು. ಬಿಳಿ ಬಂಡೆಯ ಮೇಲೆ ನೀಲಿ ಬಳ್ಳಿಗಳು. ಪೇರ್ ಓಲೋಫ್ ಉಲ್ಟ್‌ವೆಟ್ 1975ರಲ್ಲಿ ಬರೆದದ್ದು. ಅವಸರದಲ್ಲಿ ಓಡುವ ಜನಕ್ಕೆ ಮನಸ್ಸು ತಣ್ಣಗಾಗಲಿ ಅಂತ ಆ ಬಣ್ಣವಂತೆ. ಒಂದು ಕಡೆ ಸುರಂಗ ಕೊರೆದ ಕೆಲಸಗಾರರ ಆಕೃತಿಗಳನ್ನೂ ಬರೆದಿದ್ದಾರೆ, ಏಣಿ, ಸಲಕರಣೆ ಸಮೇತ. ನಮ್ಮ ಬೆಂಗಳೂರಿನ ಮೆಟ್ರೋ ಕಟ್ಟಿದವರ ಚಿತ್ರವೂ ಯಾವುದಾದರೂ ಸ್ಟೇಷನ್ನಿನಲ್ಲಿ ಹೀಗೆ ಇರಬೇಕು ಅನ್ನಿಸಿತು.

ಹನ್ನೊಂದಕ್ಕೆ ಮಳೆ ನಿಂತಿತು. ಹ್ಯೋಟೋರಿಯೆಟ್ ಚೌಕಕ್ಕೆ ಬಂದೆ. ಹೂವು, ಸ್ಟ್ರಾಬೆರಿ, ಚೆರ್ರಿ ಮಾರುವ ಅಂಗಡಿ ಸಾಲು. ಮಾರುವವರು ಬೆಲೆ ಕೂಗುತ್ತಿದ್ದರು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಸಂತೆಯ ಸದ್ದು ಕೇಳಿದೆ. ಸಂತೆಯ ಹಿಂದೆ ನೀಲಿ ಬಣ್ಣದ ದೊಡ್ಡ ಕಟ್ಟಡ, ಮುಂದೆ ಎತ್ತರದ ಕಂಬಗಳು. ಕನ್ಸರ್ಟ್ ಹಾಲ್. 1926ರಲ್ಲಿ ಶುರುವಾದ ಈ ಸಭಾಂಗಣದಲ್ಲೇ ಡಿಸೆಂಬರ್ 10ರಂದು, ಶಾಂತಿ ಪ್ರಶಸ್ತಿಯೊಂದನ್ನು ಬಿಟ್ಟು, ನೊಬೆಲ್ ಪ್ರಶಸ್ತಿಗಳನ್ನು ಕೊಡುವುದು.

1930ರ ಡಿಸೆಂಬರ್ 10ರಂದು ಸಿ.ವಿ. ರಾಮನ್ ಈ ಕಟ್ಟಡದೊಳಗೆ ಐದನೇ ಗುಸ್ತಾವ್ ರಾಜನ ಕೈಯಿಂದ ಪ್ರಶಸ್ತಿ ತೆಗೆದುಕೊಂಡರು.

ಬೆಂಗಳೂರಿನಲ್ಲಿ ಓದುವಾಗ ನಾಲ್ಕು ವರ್ಷ ನನ್ನ ಬಸ್ಸು ಮೇಖ್ರಿ ವೃತ್ತದ ಹತ್ತಿರ ರಾಮನ್ ಸಂಶೋಧನಾ ಸಂಸ್ಥೆಯ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಒಳಗೆ ಬರೀ ಮರಗಳು ಕಾಣುತ್ತಿದ್ದವು. ರಾಮನ್ 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು, ಕೊನೆ ತನಕ ಈ ಊರಲ್ಲೇ ಇದ್ದರು. 1921ರಲ್ಲಿ ಅವರು ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ನಿಂತುಬಿಟ್ಟರು. ಸಮುದ್ರ ನೀಲಿ ಕಾಣುವುದು ಆಕಾಶ ಅದರಲ್ಲಿ ಪ್ರತಿಫಲಿಸುವುದರಿಂದ ಅಂತ ಆಗ ದೊಡ್ಡ ವಿಜ್ಞಾನಿಗಳೇ ಹೇಳುತ್ತಿದ್ದರು. ಅಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಅಂತ ರಾಮನ್ ತೋರಿಸಿದರು. ಅಲ್ಲಿಂದ ಹೊರಟ ದಾರಿ 1928ರ ಫೆಬ್ರವರಿ 28ಕ್ಕೆ, ‘ರಾಮನ್ ಪರಿಣಾಮ’ ಕಂಡುಹಿಡಿದ ದಿನಕ್ಕೆ ಮುಟ್ಟಿತು, ಆಮೇಲೆ ಈ ನೀಲಿ ಕಟ್ಟಡಕ್ಕೆ.

ಸಮಾರಂಭದಲ್ಲಿ ತಮ್ಮ ಮೇಲೆ ಬ್ರಿಟಿಷರ ಬಾವುಟ ಕಂಡು, ತನ್ನ ದೇಶಕ್ಕೆ ಒಂದು ಬಾವುಟವೂ ಇಲ್ಲವಲ್ಲ ಎಂದು ಅತ್ತಿದ್ದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಬಾಗಿಲು ಮುಚ್ಚಿತ್ತು. ಒಳಗೆ ಹೋಗಲಾಗಲಿಲ್ಲ. ಒದ್ದೆ ಮೆಟ್ಟಿಲ ಮೇಲೆ ಚೀಲ ಹಾಕಿ ಕೂತು ಅರ್ಧ ಕಿಲೋ ಸ್ಟ್ರಾಬೆರಿ ತಿಂದೆ. ಆ ಮೆಟ್ಟಿಲ ಮೇಲೆ ಊರಿನವರು ಯಾವಾಗಲೂ ಕೂರುತ್ತಾರೆ, ಹರಟುತ್ತಾರೆ. ಹಿಂದೆ ನಮ್ಮವರೊಬ್ಬರು ಅತ್ತ ಜಾಗ ಅಂತ ಪಕ್ಕದಲ್ಲಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ನಾಲ್ಕು ದಿನದಲ್ಲಿ ಜೊತೆಗೊಬ್ಬರು ಬೇಕಿತ್ತು ಅನ್ನಿಸಿದ್ದು ಆಗ ಮಾತ್ರ. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಪೂರ್ತಿ ಕೇಳಿ, “ಅಲ್ಲಿನ ಒಂದು ಫೋಟೋ ಕಳಿಸು ಮಗ, ನಿಂದಲ್ಲ, ಬಾಗಿಲಿಂದು” ಅಂದರು. ಕಳಿಸಿದೆ.

ಮಧ್ಯಾಹ್ನ ಸಿಟಿ ಹಾಲ್. ಗೈಡ್ ಜೊತೆಗೇ ಒಳಗೆ ಬಿಡುತ್ತಾರೆ. 1923ರಲ್ಲಿ ಮುಗಿದ ಕಟ್ಟಡ, ಸುಮಾರು 80 ಲಕ್ಷ ಇಟ್ಟಿಗೆ. ನೊಬೆಲ್ ಔತಣ ನಡೆಯುವ ಕೋಣೆಗೆ ‘ನೀಲಿ ಸಭಾಂಗಣ’ ಅಂತ ಹೆಸರು, ಆದರೆ ಎಲ್ಲೂ ನೀಲಿ ಇಲ್ಲ. ನೀಲಿ ಬಣ್ಣ ಹಚ್ಚಬೇಕೆಂದೇ ಇದ್ದ ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬರ್ಗ್, ಇಟ್ಟಿಗೆ ಗೋಡೆ ಎದ್ದು ನಿಂತ ಮೇಲೆ ಅದರ ಕೆಂಪೇ ಚೆಂದ ಅಂತ ಹಾಗೇ ಬಿಟ್ಟರು. ಹೆಸರು ಮಾತ್ರ ಉಳಿಯಿತು. ಇಟ್ಟಿಗೆಯನ್ನು ಹತ್ತಿರದಿಂದ ನೋಡಿದರೆ ಮೇಲ್ಮೈಯೆಲ್ಲ ಒರಟೊರಟು, ಕೈಯಿಂದ ಉಳಿಪೆಟ್ಟು ಹಾಕಿದ್ದು. ಪಕ್ಕದ ಚಿನ್ನದ ಸಭಾಂಗಣದಲ್ಲಿ 1 ಕೋಟಿ 80 ಲಕ್ಷ ಚೂರುಗಳ ಮೊಸಾಯಿಕ್ ಇದೆ. ಕಣ್ಣು ಕೋರೈಸುತ್ತದೆ ನಿಜ, ಆದರೂ ನನ್ನ ಮನಸ್ಸು ಆ ಇಟ್ಟಿಗೆಯಲ್ಲೇ ಇತ್ತು. 106 ಮೀಟರ್ ಎತ್ತರದ ಗೋಪುರವನ್ನೂ ಹತ್ತಿದೆ. ಮೇಲಿನಿಂದ ನೋಡಿದಾಗಲೇ ಊರು ದ್ವೀಪ ದ್ವೀಪವಾಗಿ ಬಿಡಿಸಿಕೊಂಡು ಕಂಡಿದ್ದು.

ಭಾನುವಾರ

ರೈಲು ಮಧ್ಯಾಹ್ನಕ್ಕೆ. ಬೆಳಿಗ್ಗೆ ಮೆಟ್ರೋದ ಹಸಿರು ಮಾರ್ಗ ಹಿಡಿದು ದಕ್ಷಿಣಕ್ಕೆ, ಸ್ಕೂಗ್ಸ್‌ಶಿರ್ಕೊಗೋರ್ಡೆನ್‌ಗೆ ಹೋದೆ. ಅರ್ಥ ‘ಕಾಡಿನ ಸ್ಮಶಾನ’. ಪ್ರವಾಸಕ್ಕೆ ಬಂದು ಸ್ಮಶಾನಕ್ಕೆ ಹೋಗ್ತಾರಾ ಅಂತ ಅಮ್ಮ ಕೇಳುತ್ತಾರೆ ಅಂತ ಮೊದಲೇ ಹೇಳಿರಲಿಲ್ಲ.

ಗುನ್ನಾರ್ ಆಸ್ಪ್ಲುಂಡ್, ಸಿಗುರ್ಡ್ ಲೆವೆರೆಂಟ್ಸ್ ಎಂಬ ಇಬ್ಬರು ಯುವ ವಾಸ್ತುಶಿಲ್ಪಿಗಳು 1910ರ ದಶಕದಲ್ಲಿ ಶುರು ಮಾಡಿದ ಕೆಲಸ ಇದು. 1994ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಒಳಗೆ ಬಂದರೆ ಅಗಲವಾದ ಹುಲ್ಲಿನ ಇಳಿಜಾರು, ಒಂದು ಕಪ್ಪು ಶಿಲುಬೆ, ಗುಡ್ಡದ ಮೇಲೆ ಕೆಲವೇ ಮರ. ಆಚೆಗೆ ಎತ್ತರದ ಪೈನ್ ಕಾಡು, ಅದರ ಬುಡದಲ್ಲಿ ಸಾಲು ಸಾಲು ಸಣ್ಣ ಕಲ್ಲುಗಳು. ಮರಕ್ಕೆ ಜಾಗ ಬಿಟ್ಟು ಮನುಷ್ಯರನ್ನು ಇಟ್ಟಿದ್ದಾರೆ. ನಟಿ ಗ್ರೇಟಾ ಗಾರ್ಬೋ ಕಲ್ಲಿನ ಮೇಲೆ ಬರೀ ಹೆಸರಿನ ಸಹಿ ಇದೆ.

ನಲ್ಲಿಯ ಹತ್ತಿರ ನೀರಿನ ಕ್ಯಾನುಗಳನ್ನು ನೇತು ಹಾಕಿದ್ದರು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಬಿಳಿ ಕೂದಲಿನ ಅಜ್ಜಿಯೊಬ್ಬರು ಒಂದು ಕ್ಯಾನ್ ತುಂಬಿಸಿಕೊಂಡು ನಿಧಾನಕ್ಕೆ ನಡೆಯುತ್ತಿದ್ದರು. ಎತ್ತಿಕೊಡಲಾ ಅಂತ ಸನ್ನೆ ಮಾಡಿದೆ. ಕೊಟ್ಟರು. ಒಂದು ಸಣ್ಣ ಕಲ್ಲಿನ ಮುಂದೆ ನಿಂತರು. ನಾನು ನೀರು ಹಾಕಿದೆ, ಅವರು ಕೈಯಿಂದ ಒಣ ಎಲೆ ಬಿಡಿಸಿದರು. ಸ್ವೀಡಿಷ್‌ನಲ್ಲಿ ಏನೋ ಕೇಳಿದರು. ಅರ್ಥ ಆಗದೇ “ಇಂದಿಯೆನ್” ಅಂದೆ. ನನ್ನ ತೋಳು ಸವರಿದರು.

ರಾಮನ್ ಅವರನ್ನು ದಹನ ಮಾಡಿದ್ದು ಅವರ ಸಂಸ್ಥೆಯ ತೋಟದಲ್ಲೇ. ಆ ಜಾಗದಲ್ಲಿ ಸಮಾಧಿ ಕಟ್ಟಿಲ್ಲ, ಮರ ಇದೆ. ನಾಲ್ಕು ವರ್ಷ ಬಸ್ಸಿನ ಕಿಟಕಿಯಿಂದ ನಾನು ನೋಡಿದ ಮರಗಳಲ್ಲಿ ಅದೂ ಇತ್ತೋ ಏನೋ. ಊರಿಗೆ ಹೋದಾಗ ಒಳಗೆ ಬಿಡುತ್ತಾರಾ ಅಂತ ಕೇಳಬೇಕು.

ಸ್ಟೇಷನ್ನಿನಲ್ಲಿ ನಾಲ್ಕು ಏಲಕ್ಕಿ ಬನ್ ಕಟ್ಟಿಸಿಕೊಂಡೆ. ಬನ್ನಿನ ಫೋಟೋವನ್ನು ಮನೆಯ ಗುಂಪಿಗೆ ಹಾಕಿದೆ. ಅಮ್ಮ ಕೇಳಿದ್ದು, “ಒಬ್ಳೇ ಬೇಜಾರಾಗಲಿಲ್ವಾ?” ಅಪ್ಪ ಕೇಳಿದ್ದು, “ಕಾಯಿ ಕುಟ್ಟಿದ್ದಾರಾ, ಬರೀ ಕಾಳಾ?”

ಬನ್ನನ್ನು ಬೆಳಕಿಗೆ ಹಿಡಿದು ನೋಡಿದೆ. ಸಿಪ್ಪೆ ಒಂದು ಚೂರೂ ಇರಲಿಲ್ಲ. ಬರೀ ಕಾಳು ಅಪ್ಪ, ಅಂತ ಬರೆದೆ. ಅಮ್ಮನಿಗೆ, ಇಲ್ಲ ಅಮ್ಮ. ರೈಲು ಆಗಲೇ ಕತ್ರಿನೆಹೋಮ್ ದಾಟಿತ್ತು.